ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು: ಗೀಸರ್ ಬಿಚ್ಚುವ ಮೊದಲು

ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿದೆ ಎಂದ ಕೂಡಲೇ ಹೆಚ್ಚಿನವರು ಕೈ ಹಾಕುವುದು ಗೀಸರಿನ ಥರ್ಮೋಸ್ಟಾಟಿಗೆ. ತಪ್ಪು ಅದರದ್ದಾಗಿರುವುದು ಅಪರೂಪ. ಥರ್ಮೋಸ್ಟಾಟ್ ಕೆಟ್ಟರೆ ನೀರು ವಿಪರೀತ ಕಾದೀತು, ಆದರೆ ಅದೊಂದೇ ಕಾರಣಕ್ಕೆ ತಣ್ಣೀರಿನ ಪೈಪಿಗೆ ನುಗ್ಗುವುದಿಲ್ಲ. ನುಗ್ಗಲು ದಾರಿ ಬೇಕು. ಹುಡುಕಬೇಕಾದ್ದು ಆ ದಾರಿಯನ್ನು.

ಮೊದಲು ಒಂದು ಬಕೆಟ್, ಒಂದು ಥರ್ಮಾಮೀಟರ್ ಹಿಡಿದು ಎಷ್ಟು ನೀರು ಬಿಸಿಯಾಗಿ ಬರುತ್ತದೆ ಎಂದು ಅಳೆಯಿರಿ. ಒಳವ್ಯಾಸ 15 ಮಿ.ಮೀ. ಇರುವ ಪೈಪಿನ ಒಂದು ಮೀಟರಿನಲ್ಲಿ ಹಿಡಿಯುವುದು ಸುಮಾರು 0.18 ಲೀಟರ್, ಹತ್ತು ಮೀಟರಿಗೆ ಎರಡು ಲೀಟರೂ ಆಗುವುದಿಲ್ಲ. ಎರಡು ಮೂರು ಲೀಟರ್ ಹರಿದ ಮೇಲೆ ತಣ್ಣಗಾದರೆ, ಅದು ಪೈಪಿನಲ್ಲಿ ನಿಂತಿದ್ದಾಗ ಕಾದ ನೀರು. ಹೊರಗೋಡೆಯ ಪೈಪಿಗೆ ಬಿಸಿಲು ಬಿದ್ದಿರಬಹುದು, ಗೋಡೆಯಲ್ಲಿ ಕೊರೆದ ಒಂದೇ ಗಾಡಿಯಲ್ಲಿ (ಕಾಲುವೆಯಲ್ಲಿ) ಬಿಸಿ-ತಣ್ಣೀರಿನ ಪೈಪುಗಳು ಅಂಟಿಕೊಂಡೇ ಸಾಗಿರಬಹುದು. ಗೀಸರೂ ನೀರನ್ನು ಹಿಂದಕ್ಕೆ ತಳ್ಳುತ್ತದೆ: 20 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ನೀರು ಶೇ. 1.5ರಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಇದು ಅರ್ಧ ಲೀಟರಿಗಿಂತ ಕಡಿಮೆ, ಪೈಪಿನಲ್ಲಿ ಎರಡು ಮೀಟರು. 100 ಲೀಟರಿನದ್ದಾದರೆ ಒಂದೂವರೆ ಲೀಟರ್, ಎಂಟು ಮೀಟರಿನವರೆಗೂ ಬರುತ್ತದೆ.

ಗೀಸರನ್ನು ಒಂದು ದಿನ ಪೂರ್ತಿ ಆರಿಸಿಟ್ಟರೂ ಮಧ್ಯಾಹ್ನದ ಹೊತ್ತು ಎಲ್ಲ ನಲ್ಲಿಗಳಲ್ಲೂ ಬಿಸಿನೀರೇ ಬಂದರೆ, ನೋಡಬೇಕಾದ್ದು ತಾರಸಿಯ ಟ್ಯಾಂಕನ್ನು.

ಐದು ನಿಮಿಷ ಹರಿದರೂ ಬಿಸಿ ಇಳಿಯದಿದ್ದರೆ ಎರಡು ಲೈನುಗಳು ಎಲ್ಲೋ ಕೂಡಿಕೊಂಡಿವೆ. ಇದನ್ನು ಖಚಿತಪಡಿಸುವ ಪರೀಕ್ಷೆಗೆ ಪಾನ (ಸ್ಪ್ಯಾನರ್) ಕೂಡ ಬೇಡ. ಗೀಸರಿನ ವಿದ್ಯುತ್ ಆರಿಸಿ, ಅದಕ್ಕೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಮನೆಯ ಮುಖ್ಯ ವಾಲ್ವ್ ತೆರೆದೇ ಇರಲಿ. ಈಗ ಬಿಸಿನೀರಿನ ಒಂದು ನಲ್ಲಿ ತೆರೆಯಿರಿ. ಪೈಪಿನಲ್ಲಿ ಉಳಿದ ಒತ್ತಡಕ್ಕೆ ಸ್ವಲ್ಪ ನೀರು ಬಂದು ನಿಲ್ಲಬೇಕು. ಎರಡು ನಿಮಿಷವಾದರೂ ನಿಲ್ಲದಿದ್ದರೆ, ತಣ್ಣೀರು ಬೇರೆ ದಾರಿಯಿಂದ ಬಿಸಿನೀರಿನ ಲೈನಿಗೆ ದಾಟುತ್ತಿದೆ ಎಂದೇ ಅರ್ಥ. ಆ ನೀರು ಹರಿಯುತ್ತಿರುವಾಗಲೇ ಉಳಿದ ಮಿಕ್ಸರುಗಳ (ಬಿಸಿ-ತಣ್ಣೀರು ಬೆರೆಸುವ ನಲ್ಲಿಗಳ) ಕೆಳಗೆ ಗೋಡೆಯಲ್ಲಿರುವ ಸಣ್ಣ ವಾಲ್ವ್‌ಗಳಾದ ಬಿಸಿನೀರಿನ ಆಂಗಲ್ ಕಾಕ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಹರಿವು ನಿಂತಿತೋ ದೋಷ ಅಲ್ಲಿದೆ. ಬಾತ್‌ರೂಮಿಗೊಂದು ಗೀಸರ್ ಇರುವ ಮನೆಯಲ್ಲಿ ಹುಡುಕಾಟ ಸಾಮಾನ್ಯವಾಗಿ ಆ ಬಾತ್‌ರೂಮಿನೊಳಗೇ ಮುಗಿಯುತ್ತದೆ.

ಸಿಕ್ಕಿಬೀಳುವುದು ಹೆಚ್ಚಾಗಿ ಒಂಟಿ ಹಿಡಿಯ ಮಿಕ್ಸರ್. ಹಿಡಿಯ ಕೆಳಗೆ ಕೂತು ನೀರನ್ನು ಬೆರೆಸುವ, ನಿಲ್ಲಿಸುವ ಅದರ ಕಾರ್ಟ್ರಿಜ್ ಒಳಗಿನ ರಬ್ಬರ್ ಸೀಲ್ ಸವೆದರೆ, ಅಥವಾ ಸೆರಾಮಿಕ್ ಬಿಲ್ಲೆಗಳ ನಡುವೆ ಮರಳು ಸೇರಿ ಗೀರಾದರೆ, ಹೊರಗೆ ಒಂದು ಹನಿ ತೊಟ್ಟಿಕ್ಕದೆಯೂ ಒಳಗೊಳಗೇ ನೀರು ದಾಟುತ್ತದೆ. ಬಿಸಿನೀರಿನ ಹೋಸ್ ಅನ್ನು ಆಂಗಲ್ ಕಾಕ್‌ನಿಂದ ಬಿಚ್ಚಿ ಬಕೆಟ್ಟಿಗೆ ಬಿಡಿ. ಹಿಡಿ ಮುಚ್ಚಿದ ಸ್ಥಿತಿಯಲ್ಲೇ ತಣ್ಣೀರಿನ ಕಾಕ್ ತೆರೆಯಿರಿ. ಹೋಸಿನಿಂದ ನೀರು ಬಂದರೆ ಕಾರ್ಟ್ರಿಜ್ ಬದಲಿಸಿ. 35 ಮತ್ತು 40 ಮಿ.ಮೀ. ಅಳತೆಗಳು ಸಾಮಾನ್ಯ, ಆದರೂ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಜಾಣತನ, ತಳದ ಪಿನ್ನುಗಳ ಜಾಗ ಕಂಪನಿಗೊಂದು ಥರ.

ಏನೂ ಕೆಡದೆಯೂ ಈ ತೊಂದರೆ ಬರಬಹುದು. ಮಿಕ್ಸರಿನಿಂದ ಹೊರಟ ಹೋಸಿನ ತುದಿಯಲ್ಲಿ ಹೆಲ್ತ್ ಫಾಸೆಟ್ ಅಥವಾ ಒತ್ತುಗುಂಡಿಯ ಶವರ್ ಇದ್ದರೆ, ಜನ ಗುಂಡಿ ಬಿಟ್ಟು ನೀರು ನಿಲ್ಲಿಸುತ್ತಾರೆ, ಮಿಕ್ಸರ್ ತೆರೆದೇ ಇರುತ್ತದೆ. ಅಷ್ಟು ಹೊತ್ತೂ ಅದು ಎರಡು ಲೈನುಗಳ ನಡುವಿನ ಸೇತುವೆ. ಮಿಕ್ಸರಿನ ಎರಡೂ ಒಳದಾರಿಗಳಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕುವುದೇ ಪರಿಹಾರ. ಮನೆಯವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ.

ದಾರಿ ಇದ್ದರೂ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಒತ್ತಡ. ಬಿಸಿನೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಇದ್ದರೆ, ಅಥವಾ ತಣ್ಣೀರಿನ ಫಿಲ್ಟರಿನಲ್ಲಿ ಕಸ ಕಟ್ಟಿದ್ದರೆ, ಬಿಸಿನೀರು ಗೆಲ್ಲುತ್ತದೆ. ಎಷ್ಟೋ ವರ್ಷದಿಂದ ಸವೆದಿದ್ದ ಕಾರ್ಟ್ರಿಜ್ ಪಂಪ್ ಹಾಕಿದ ಮರುದಿನ ಬಯಲಾಗುವುದು ಹೀಗೆ. ಬೈಗುಳ ಮಾತ್ರ ಪಂಪಿಗೆ.

ಇಡೀ ಕಟ್ಟಡಕ್ಕೆ ಒಂದೇ ಬಿಸಿನೀರಿನ ವ್ಯವಸ್ಥೆ ಇದ್ದರೆ ದೋಷ ಪಕ್ಕದ ಅಥವಾ ಕೆಳಗಿನ ಮನೆಯದ್ದೂ ಆಗಿರಬಹುದು. ನಿಮ್ಮ ಮನೆಗೆ ಬರುವ ಬಿಸಿನೀರಿನ ಮುಖ್ಯ ವಾಲ್ವ್ ಮುಚ್ಚಿದ ಮೇಲೂ ತಣ್ಣೀರಿನ ಲೈನಿನಲ್ಲಿ ಬಿಸಿನೀರು ಬರುತ್ತಲೇ ಇದ್ದರೆ, ನಿಮ್ಮ ಗೋಡೆ ಒಡೆಸಬೇಡಿ. ಮಹಡಿ ಮಹಡಿಗೂ ಪೈಪಿನ ಉಷ್ಣತೆ ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ತಪ್ಪು ಅಂಕಿ ತೋರಿಸುತ್ತದೆ, ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ.

ಹಿಗ್ಗಿದ ನೀರು ಹಿಂದಕ್ಕೆ ಬರುವುದೇ ಕಾರಣವಾಗಿದ್ದರೆ ಗೀಸರಿನ ತಣ್ಣೀರಿನ ಬಾಯಿಗೆ ನಾನ್ ರಿಟರ್ನ್ ವಾಲ್ವ್ ಬೇಕು; ಮೊದಲೇ ಇದ್ದರೆ ಸುಣ್ಣ ಕಟ್ಟಿ ಬಾಯಿ ಮುಚ್ಚದೆ ನಿಂತಿರುತ್ತದೆ. ಬಾಣದ ಗುರುತು ಗೀಸರಿನ ಕಡೆಗಿರಲಿ. ಇದನ್ನು ಹಾಕಿದ ಮೇಲೆ ಹಿಗ್ಗಿದ ನೀರಿಗೆ ಹಿಂದಿನ ದಾರಿ ಇರುವುದಿಲ್ಲ. ಹಾಗಾಗಿ ಹೆಚ್ಚಾದ ಒತ್ತಡವನ್ನು ಹೊರಬಿಡುವ ಪ್ರೆಶರ್ ರಿಲೀಫ್ ವಾಲ್ವ್ ಕೆಲಸ ಮಾಡುತ್ತಿರಲೇಬೇಕು, ಅದಕ್ಕೂ ಗೀಸರಿಗೂ ನಡುವೆ ಮುಚ್ಚುವ ವಾಲ್ವ್ ಇರಕೂಡದು. ನೀರು ಕಾಯುವಾಗ ಅದರಿಂದ ಹನಿ ಬೀಳುವುದು ಸಹಜ, ಅದಕ್ಕೆ ಬಿರಡೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಧಾರೆಯಾಗಿ ಬರುವವರೆಗೆ ಗೀಸರಿನ ಸ್ವಿಚ್ ಮುಟ್ಟಬೇಡಿ; ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ.