ಕೂದಲು, ಬಯೋಟಿನ್ ಮತ್ತು ಮೂರು ತಿಂಗಳ ಅಂತರ: ಒಂದು ಅಧ್ಯಯನ ಟಿಪ್ಪಣಿ

ಅಂದಕ್ಕಾಗಿ ನುಂಗುವ ಪೂರಕಗಳಲ್ಲಿ ನಮ್ಮ ಸುತ್ತಮುತ್ತ ಹೆಚ್ಚು ಕಾಣುವುದು ಕೂದಲಿನ ಮಾತ್ರೆ. ಆದ್ದರಿಂದ ಈ ಟಿಪ್ಪಣಿಯನ್ನು ಕೂದಲಿಗೇ ಸೀಮಿತಗೊಳಿಸಿದ್ದೇನೆ. ಜೀವಸತ್ವಗಳ ಪಟ್ಟಿ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುವುದರಿಂದ ಅದನ್ನು ಇಲ್ಲಿ ಮತ್ತೆ ಬರೆದಿಲ್ಲ. ಕೂದಲು ಉದುರುವ ದಿನಕ್ಕೂ ಅದರ ಕಾರಣಕ್ಕೂ ನಡುವೆ ಇರುವ ಅಂತರವನ್ನು ಅರ್ಥ ಮಾಡಿಕೊಂಡರೆ ಪೂರಕಗಳ ಬಗೆಗಿನ ಅರ್ಧ ಗೊಂದಲ ತಾನಾಗಿಯೇ ತೀರುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೂದಲಿನ ಲೆಕ್ಕ

ತಲೆಯ ಪ್ರತಿ ಕೂದಲಿಗೂ ಮೂರು ಹಂತಗಳಿವೆ. ಬೆಳೆಯುವ ಹಂತವಾದ ಅನಾಜೆನ್ ಸುಮಾರು 2ರಿಂದ 6 ವರ್ಷ ನಡೆಯುತ್ತದೆ. ಬೆಳವಣಿಗೆ ನಿಲ್ಲುವ ಕೆಟಾಜೆನ್ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ವಿಶ್ರಾಂತಿಯ ಹಂತವಾದ ಟೆಲೊಜೆನ್ ಸುಮಾರು ಮೂರು ತಿಂಗಳದ್ದು. ಟೆಲೊಜೆನ್ ಮುಗಿಯುವ ಹೊತ್ತಿಗೆ ಅದೇ ಬುಡದಲ್ಲಿ ಹೊಸ ಕೂದಲು ಹೊರಡುತ್ತದೆ ಮತ್ತು ಹಳೆಯದು ಉದುರುತ್ತದೆ.

ಇದನ್ನು ನೆನಪಿಟ್ಟುಕೊಳ್ಳಲು ನಾನು ಬಳಸುವ ಸುಲಭ ಲೆಕ್ಕ ಹೀಗಿದೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇವೆ ಎಂದುಕೊಳ್ಳಿ. ಒಂದು ಕೂದಲಿನ ಇಡೀ ಆವರ್ತನೆಯನ್ನು 1,000 ದಿನವೆಂದೂ ಅದರಲ್ಲಿ ಕೊನೆಯ 100 ದಿನ ಟೆಲೊಜೆನ್ ಎಂದೂ ಇಟ್ಟುಕೊಳ್ಳಿ. ಹಾಗಾದರೆ ಯಾವುದೇ ದಿನ ತಲೆಯ ಶೇ. 10ರಷ್ಟು, ಅಂದರೆ 10,000 ಕೂದಲು ವಿಶ್ರಾಂತಿಯಲ್ಲಿರುತ್ತವೆ. ಅವು 100 ದಿನಗಳಲ್ಲಿ ಉದುರಿ ಮುಗಿಯಬೇಕಾದ್ದರಿಂದ ದಿನಕ್ಕೆ 100 ಕೂದಲು ಬಿದ್ದಂತಾಯಿತು. ಪುಸ್ತಕಗಳಲ್ಲಿ ಸಹಜ ಎಂದು ಬರೆದಿರುವ 50ರಿಂದ 100 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದು ಈ ಲೆಕ್ಕ ಮಾಡಿದ ಮೇಲೆ ಬಾಯಿಪಾಠವಿಲ್ಲದೆ ನೆನಪಿನಲ್ಲಿ ನಿಲ್ಲುತ್ತದೆ.

ಈಗ ಇದೇ ಲೆಕ್ಕವನ್ನು ಸ್ವಲ್ಪ ಬದಲಿಸೋಣ. ತೀವ್ರ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ತೂಕ ಇಳಿಸಲೆಂದು ಮಾಡಿದ ಕಠಿಣ ಉಪವಾಸದಂತಹ ಆಘಾತವಾದಾಗ, ಬೆಳೆಯುತ್ತಿದ್ದ ಅನೇಕ ಕೂದಲುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಶೇ. 10 ಇದ್ದದ್ದು ಶೇ. 30 ಆಯಿತೆಂದು ಊಹಿಸಿದರೆ ದಿನಕ್ಕೆ 300 ಕೂದಲು ಉದುರಬೇಕಾಗುತ್ತದೆ. ಈ ಸ್ಥಿತಿಗೆ ಟೆಲೊಜೆನ್ ಎಫ್ಲುವಿಯಮ್ ಎಂದು ಹೆಸರು. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ 1961ರಲ್ಲಿ ಇದನ್ನು ವಿವರಿಸಿದರು. ಆಘಾತವಾದ ದಿನ ಕೂದಲು ವಿಶ್ರಾಂತಿಗೆ ಹೋಗುತ್ತದೆ, ಆದರೆ ಉದುರುವುದು ಎರಡು ಮೂರು ತಿಂಗಳ ನಂತರ.

ಮಾತ್ರೆಗೆ ಹೆಸರು ಬರುವ ಬಗೆ

ಮೇಲಿನ ವಾಕ್ಯದ ಪರಿಣಾಮವನ್ನು ಕ್ಯಾಲೆಂಡರಿನಲ್ಲಿ ಬರೆದು ನೋಡಬೇಕು. ಜುಲೈಯಲ್ಲಿ ಒಬ್ಬರಿಗೆ ಡೆಂಗಿ ಬಂದು ವಾಸಿಯಾಯಿತು. ಅಕ್ಟೋಬರಿನಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಅಷ್ಟರಲ್ಲಿ ಜ್ವರ ಮರೆತುಹೋಗಿರುವುದರಿಂದ ದೂರು ನೀರಿನ ಮೇಲೋ ಶಾಂಪೂವಿನ ಮೇಲೋ ಬೀಳುತ್ತದೆ. ನವೆಂಬರಿನಲ್ಲಿ ಅವರು ಬಿ ಗುಂಪಿನ ಜೀವಸತ್ವವಾದ ಬಯೋಟಿನ್ನಿನ ಮಾತ್ರೆ ಆರಂಭಿಸುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಇಂತಹ ಉದುರುವಿಕೆ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಹೀಗಾಗಿ ಜನವರಿ ಅಥವಾ ಫೆಬ್ರವರಿಯಲ್ಲಿ ಕೂದಲು ಉದುರುವುದು ಕಡಿಮೆಯಾದಾಗ ಅದರ ಕೀರ್ತಿ ಪೂರ್ತಿಯಾಗಿ ಮಾತ್ರೆಗೆ ಸಲ್ಲುತ್ತದೆ. ಮಾತ್ರೆ ತೆಗೆದುಕೊಳ್ಳದಿದ್ದವರಿಗೂ ಅದೇ ಹೊತ್ತಿಗೆ ನಿಲ್ಲುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ಹೋಲಿಸುವವರು ಯಾರೂ ಇರುವುದಿಲ್ಲ. ಹೋಲಿಕೆಯ ಗುಂಪಿಲ್ಲದೆ ಪೂರಕದ ಪರಿಣಾಮವನ್ನು ಅಳೆಯಬಾರದು ಎಂದು ಸಂಶೋಧನಾ ವಿಧಾನದ ಪಾಠದಲ್ಲಿ ಓದುವುದರ ನಿಜವಾದ ಅರ್ಥ ನನಗೆ ಹೊಳೆದದ್ದು ಈ ಉದಾಹರಣೆಯಿಂದಲೇ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಉದುರುವಿಕೆ ನಿಂತ ಮೇಲೂ ಜಡೆ ಮೊದಲಿನ ದಪ್ಪಕ್ಕೆ ಬರಲು ಬಹಳ ಕಾಲ ಬೇಕು. ವಂಶಪಾರಂಪರ್ಯವಾಗಿ, ಹಾರ್ಮೋನುಗಳ ಪ್ರಭಾವದಿಂದ ನೆತ್ತಿ ತೆಳುವಾಗುವುದು ಬೇರೆಯೇ ವಿಷಯ. ಅದಕ್ಕೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ.

ಬಯೋಟಿನ್ ಎಷ್ಟು ಬೇಕು?

ವಯಸ್ಕರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕೆಂದು ಅಮೆರಿಕದ ಪೋಷಣಾ ಮಾನದಂಡ ಹೇಳುತ್ತದೆ. ಅಂಗಡಿಯ ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ ಇರುವುದು ಸಾಮಾನ್ಯ, ಅಂದರೆ ಮುನ್ನೂರು ಪಟ್ಟಿಗೂ ಹೆಚ್ಚು. ಮೊಟ್ಟೆಯ ಹಳದಿ, ಶೇಂಗಾ, ಕಾಳುಗಳು ತಿನ್ನುವವರಲ್ಲಿ ಇದರ ಕೊರತೆ ಬಹಳ ಅಪರೂಪ. ಹಸಿ ಮೊಟ್ಟೆಯ ಬಿಳಿಭಾಗವನ್ನು ದೀರ್ಘಕಾಲ ಸೇವಿಸುವವರಲ್ಲಿ ಅದರೊಳಗಿನ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ನನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೊರತೆ ಬರಬಹುದು. ಬೇಯಿಸಿದರೆ ಆ ತೊಂದರೆ ಇಲ್ಲ. ಕೂದಲು ಮತ್ತು ಉಗುರಿಗೆ ಬಯೋಟಿನ್ ಫಲಕೊಟ್ಟ ವರದಿಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಮರ್ಶೆಯಲ್ಲಿ 18 ಪ್ರಕರಣಗಳು ಸಿಕ್ಕವು, ಮತ್ತು ಆ ಎಲ್ಲರಲ್ಲೂ ಮೂಲದಲ್ಲಿ ಒಂದಲ್ಲ ಒಂದು ಕಾಯಿಲೆ ಇತ್ತು. ಆರೋಗ್ಯವಂತರ ಕೂದಲು ಇದರಿಂದ ದಟ್ಟವಾಗುತ್ತದೆ ಎನ್ನಲು ಆಧಾರ ಸಿಗುವುದಿಲ್ಲ.

ಬಯೋಟಿನ್ ಮತ್ತು ಥೈರಾಯ್ಡ್ ಪರೀಕ್ಷೆ: ನನಗೆ ಹೆಚ್ಚು ಕಷ್ಟವಾದ ಭಾಗ

ಹೆಚ್ಚು ಬಯೋಟಿನ್ ಸೇವಿಸಿದರೆ ಕೆಲವು ರಕ್ತಪರೀಕ್ಷೆಗಳಲ್ಲಿ ಟಿಎಸ್ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಪ್ರಚೋದಿಸುವ ಹಾರ್ಮೋನು; ಗ್ರಂಥಿ ಕಡಿಮೆ ಕೆಲಸ ಮಾಡಿದರೆ ಇದು ಏರುತ್ತದೆ) ಸುಳ್ಳಾಗಿ ಕಡಿಮೆಯೂ ಟಿ4 (ಆ ಗ್ರಂಥಿ ಸ್ರವಿಸುವ ಹಾರ್ಮೋನು) ಸುಳ್ಳಾಗಿ ಹೆಚ್ಚೂ ಕಾಣುತ್ತದೆ. ಒಂದೇ ವಸ್ತು ಒಂದು ಅಂಕಿಯನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಹೇಗೆ ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ. ಆದ್ದರಿಂದ ಇದನ್ನು ಹಂತಹಂತವಾಗಿ ಬರೆಯುತ್ತೇನೆ.

ಈ ಪರೀಕ್ಷೆಗಳಲ್ಲಿ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನನ್ನು ಲೇಪಿಸಿದ ಸೂಕ್ಷ್ಮ ಮಣಿಗಳಿರುತ್ತವೆ. ಅದು ಬಯೋಟಿನ್ನನ್ನು ಬಿಗಿಯಾಗಿ ಹಿಡಿಯುತ್ತದೆ. ಟಿಎಸ್ಎಚ್ ದೊಡ್ಡ ಅಣುವಾದ್ದರಿಂದ ಅದನ್ನು ಎರಡು ಪ್ರತಿಕಾಯಗಳು (ನಿರ್ದಿಷ್ಟ ಅಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು) ಎರಡು ಕಡೆಯಿಂದ ಹಿಡಿಯುತ್ತವೆ. ಒಂದು ಪ್ರತಿಕಾಯಕ್ಕೆ ಬಯೋಟಿನ್ ಅಂಟಿಸಿರುತ್ತಾರೆ, ಇನ್ನೊಂದಕ್ಕೆ ಬೆಳಕು ಕೊಡುವ ಗುರುತನ್ನು ಅಂಟಿಸಿರುತ್ತಾರೆ. ಬಯೋಟಿನ್ನಿನ ಮೂಲಕ ಇಡೀ ಜೋಡಣೆ ಮಣಿಗೆ ಅಂಟಿಕೊಳ್ಳುತ್ತದೆ, ಅಂಟದಿದ್ದದ್ದನ್ನು ತೊಳೆದು ತೆಗೆಯುತ್ತಾರೆ, ಉಳಿದ ಬೆಳಕನ್ನು ಯಂತ್ರ ಅಳೆಯುತ್ತದೆ. ಇಲ್ಲಿ ಬೆಳಕು ಹೆಚ್ಚಿದ್ದಷ್ಟೂ ಟಿಎಸ್ಎಚ್ ಹೆಚ್ಚು.

ಟಿ4 ಚಿಕ್ಕ ಅಣು. ಅದನ್ನು ಎರಡು ಪ್ರತಿಕಾಯಗಳು ಒಟ್ಟಿಗೆ ಹಿಡಿಯಲು ಸ್ಥಳವಿಲ್ಲ. ಆದ್ದರಿಂದ ಅಲ್ಲಿ ಸ್ಪರ್ಧೆಯ ವಿಧಾನವಿದೆ. ಬೆಳಕಿನ ಗುರುತಿರುವ ಪ್ರತಿಕಾಯದಲ್ಲಿ ಮೊದಲು ರೋಗಿಯ ಟಿ4 ಕೂರುತ್ತದೆ. ಖಾಲಿ ಉಳಿದ ಜಾಗದಲ್ಲಿ ಮಾತ್ರ ಪ್ರಯೋಗಾಲಯದವರು ಸೇರಿಸಿದ ಬಯೋಟಿನ್ ಅಂಟಿಸಿದ ಟಿ4 ಕೂತು, ಅದರ ಮೂಲಕ ಮಣಿಗೆ ಸೇರುತ್ತದೆ. ರೋಗಿಯ ಟಿ4 ಹೆಚ್ಚಿದ್ದಷ್ಟೂ ಖಾಲಿ ಜಾಗ ಕಡಿಮೆ, ಬೆಳಕೂ ಕಡಿಮೆ. ಇಲ್ಲಿ ಬೆಳಕು ಕಡಿಮೆಯಾದಷ್ಟೂ ಟಿ4 ಹೆಚ್ಚು ಎಂದು ಯಂತ್ರ ಓದುತ್ತದೆ.

ಮಾತ್ರೆ ನುಂಗಿದವರ ರಕ್ತದಲ್ಲಿರುವ ಬಿಡಿ ಬಯೋಟಿನ್ ಎರಡೂ ಕಡೆ ಮಾಡುವ ಕೆಲಸ ಒಂದೇ. ಅದು ಮಣಿಯ ಮೇಲಿನ ಜಾಗವನ್ನೆಲ್ಲ ಆಕ್ರಮಿಸುತ್ತದೆ, ಜೋಡಣೆಗಳು ಅಂಟದೆ ತೊಳೆದುಹೋಗುತ್ತವೆ, ಬೆಳಕು ಕಡಿಮೆಯಾಗುತ್ತದೆ. ಕಡಿಮೆ ಬೆಳಕನ್ನು ಮೊದಲ ವಿಧಾನ "ಟಿಎಸ್ಎಚ್ ಕಡಿಮೆ" ಎಂದೂ ಎರಡನೆಯದು "ಟಿ4 ಹೆಚ್ಚು" ಎಂದೂ ಅನುವಾದಿಸುತ್ತದೆ. ಬಯೋಟಿನ್ ಬೆಳಕನ್ನು ಇಳಿಸುತ್ತದೆ ಎಂಬ ಒಂದೇ ಮಾತನ್ನು ನೆನಪಿಟ್ಟರೆ ಉಳಿದದ್ದನ್ನು ಪರೀಕ್ಷೆಯ ವಿಧಾನದಿಂದಲೇ ಊಹಿಸಬಹುದು.

ಇದು ಕೂದಲಿನ ವಿಷಯದಲ್ಲಿ ಏಕೆ ಮುಖ್ಯ? ಥೈರಾಯ್ಡ್ ಕಡಿಮೆ ಕೆಲಸ ಮಾಡುವುದು ಕೂದಲು ಉದುರಲು ಪರಿಚಿತ ಕಾರಣಗಳಲ್ಲಿ ಒಂದು. ಅಂಥವರಲ್ಲಿ ಟಿಎಸ್ಎಚ್ ಏರಿರಬೇಕು. ಉದುರುವಿಕೆಗೆಂದು ಅವರು ತೆಗೆದುಕೊಂಡ ಬಯೋಟಿನ್ ಆ ಏರಿಕೆಯನ್ನು ಮುಚ್ಚಿ ವರದಿಯನ್ನು ಸಹಜವೆಂದು ತೋರಿಸಬಹುದು. ಆಗ ನಿಜವಾದ ಕಾರಣ ಕೈತಪ್ಪುತ್ತದೆ. ಆರೋಗ್ಯವಂತರ ವರದಿಯೂ ಥೈರಾಯ್ಡ್ ಅತಿಯಾದವರ ವರದಿಯಂತೆ ಕಾಣಬಹುದು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೊನಿನ್ ಪರೀಕ್ಷೆಯೂ ಇದೇ ರೀತಿ ತಪ್ಪಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರ ನವೆಂಬರಿನಲ್ಲಿ ಎಚ್ಚರಿಸಿತು. ಎಲ್ಲ ಯಂತ್ರಗಳೂ ಈ ವಿಧಾನವನ್ನು ಬಳಸುವುದಿಲ್ಲ, ಆದರೆ ರಕ್ತ ಕೊಡುವವರಿಗೆ ಅದು ಗೊತ್ತಿರುವುದಿಲ್ಲವಾದ್ದರಿಂದ ಮಾತ್ರೆಯ ವಿಷಯವನ್ನು ವೈದ್ಯರಿಗೂ ಪ್ರಯೋಗಾಲಯಕ್ಕೂ ತಪ್ಪದೆ ತಿಳಿಸಬೇಕು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸುವಂತೆ ಅಮೆರಿಕದ ಥೈರಾಯ್ಡ್ ಸಂಘ ಸೂಚಿಸುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದರೆ ಇನ್ನೂ ಹೆಚ್ಚು ದಿನ ಬೇಕಾಗಬಹುದು.

ಕಬ್ಬಿಣ

ಬಯೋಟಿನ್‌ಗಿಂತ ಮೊದಲು ಯೋಚಿಸಬೇಕಾದದ್ದು ಕಬ್ಬಿಣ; ಅದರ ಕೊರತೆಯೂ ಕೂದಲು ಉದುರುವುದರೊಂದಿಗೆ ತಳುಕು ಹಾಕಿಕೊಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ದೇಹದಲ್ಲಿ ಕಬ್ಬಿಣ ಕಡಿಮೆಯಾಗುವಾಗ ಮೊದಲು ಖಾಲಿಯಾಗುವುದು ದಾಸ್ತಾನು, ಕೊನೆಗೆ ಇಳಿಯುವುದು ಹಿಮೋಗ್ಲೋಬಿನ್. ದಾಸ್ತಾನನ್ನು ತೋರಿಸುವುದು ಫೆರಿಟಿನ್. ಆದ್ದರಿಂದ ಹಿಮೋಗ್ಲೋಬಿನ್ ಸರಿಯಾಗಿದ್ದರೂ ಫೆರಿಟಿನ್ ಕೆಳಗಿರಬಹುದು. ಜ್ವರ ಮತ್ತು ಉರಿಯೂತದಲ್ಲಿ ಫೆರಿಟಿನ್ ಏರುವುದರಿಂದ ಕಾಯಿಲೆಯ ನಡುವೆ ಮಾಡಿಸಿದ ಪರೀಕ್ಷೆ ದಾಸ್ತಾನಿನ ನಿಜವಾದ ಸ್ಥಿತಿಯನ್ನು ಹೇಳುವುದಿಲ್ಲ. ಎಷ್ಟು ಫೆರಿಟಿನ್ ಇದ್ದರೆ ಕೂದಲಿಗೆ ಸಾಕು ಎಂಬುದರಲ್ಲಿ ಸಂಶೋಧಕರಿಗೆ ಒಮ್ಮತವಿಲ್ಲ.

ರಾಗಿಯಲ್ಲಿ 100 ಗ್ರಾಂಗೆ ಸುಮಾರು 4.6 ಮಿಲಿಗ್ರಾಂ ಕಬ್ಬಿಣ ಇದೆ, ಆದರೆ ಅದರಲ್ಲಿ ಸಹಜವಾಗಿರುವ ಫೈಟೇಟ್ ಮತ್ತು ಪಾಲಿಫಿನಾಲ್‌ಗಳು ಕಬ್ಬಿಣ ಹೀರಿಕೆಯಾಗದಂತೆ ತಡೆಯುತ್ತವೆ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. ಬಡಿಸುವಾಗ ಸಾರಿನ ಮೇಲೆ ಹಿಂಡಿದ ನಿಂಬೆಹಣ್ಣು ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟದ ಜೊತೆಗೇ ಕುಡಿದ ಚಹಾ ಅಥವಾ ಕಾಫಿ ಅದನ್ನು ಕುಗ್ಗಿಸುತ್ತದೆ.

ಪ್ರೋಟೀನು ಮತ್ತು ಕೊಲಾಜೆನ್

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು, ಕೆರಾಟಿನ್‌ನಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲ (ಪ್ರೋಟೀನಿನ ಘಟಕ) ಹೇರಳವಾಗಿದೆ. ಕಾಳುಗಳಲ್ಲಿ ಗಂಧಕದ ಅಮೈನೊ ಆಮ್ಲಗಳು ಕಡಿಮೆ, ಧಾನ್ಯಗಳಲ್ಲಿ ಲೈಸೀನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಡಿಮೆ; ಮುದ್ದೆಯ ಜೊತೆ ಹುರಳಿ ಸಾರು ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಚರ್ಮ, ಮೂಳೆಗಳಲ್ಲಿರುವ ಪ್ರೋಟೀನಾದ ಕೊಲಾಜೆನ್‌ನ ಪುಡಿ ದುಬಾರಿಯಾದರೂ ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಇಲ್ಲ, ಸಿಸ್ಟೀನ್ ಇಲ್ಲವೆನ್ನುವಷ್ಟು ಕಡಿಮೆ. ಕೂದಲಿಗಾಗಿ ಅದನ್ನು ಕೊಳ್ಳುವ ಮೊದಲು ಇದನ್ನು ಗಮನಿಸಬೇಕು.

ಅತಿಯಾದಾಗ

ವಿಟಮಿನ್ ಎ ಮತ್ತು ಸೆಲೆನಿಯಂ ಎಂಬ ಖನಿಜ ಹೆಚ್ಚಾದರೆ ಕೂದಲು ಉದುರುತ್ತದೆ. 2008ರಲ್ಲಿ ಅಮೆರಿಕದಲ್ಲಿ ತಯಾರಿಕೆಯ ದೋಷದಿಂದ ಒಂದು ದ್ರವ ಪೂರಕದಲ್ಲಿ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿ 201 ಜನ ಅಸ್ವಸ್ಥರಾದರು, ಅವರಲ್ಲಿ ಬಹುತೇಕರ ಕೂದಲು ಉದುರಿತು. ಕೂದಲಿನ ಮಾತ್ರೆ, ಮಲ್ಟಿವಿಟಮಿನ್ ಮತ್ತು ಚರ್ಮದ ಮಾತ್ರೆ ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ಮೂರೂ ಲೇಬಲ್ಲುಗಳಲ್ಲಿರುವ ಈ ಎರಡು ಅಂಶಗಳನ್ನು ಕೂಡಿಸಿ ನೋಡಬೇಕು. ಗರ್ಭಿಣಿಯರು ಮತ್ತು ಗರ್ಭಧಾರಣೆಗೆ ಯೋಜಿಸುತ್ತಿರುವವರು ವಿಟಮಿನ್ ಎ ಇರುವ ಪೂರಕವನ್ನು ವೈದ್ಯರನ್ನು ಕೇಳದೆ ಆರಂಭಿಸಬಾರದು.