ಜೋಡ್ ಕುಟುಂಬವನ್ನು ಓಡಿಸಿದ್ದು ಧೂಳಲ್ಲ

ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ಕಾದಂಬರಿ ‘ದಿ ಗ್ರೇಪ್ಸ್ ಆಫ್ ರಾತ್’ ಓದಿದವರನ್ನು ಕೇಳಿ ನೋಡಿ. ಜೋಡ್ ಕುಟುಂಬ ಊರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಕೂಲಿಗೆ ಹೋಗಿದ್ದು ಯಾಕೆ? ‘ಧೂಳಿನ ಬಿರುಗಾಳಿ’ ಅಂತಾರೆ. ಕಾದಂಬರಿ ಶುರುವಾಗುವುದೂ ಧೂಳಿನಿಂದಲೇ, ನಿಜ. ಆದರೆ ನಕಾಶೆ ನೋಡಿ. ಅವರ ಊರು ಸ್ಯಾಲಿಸಾ ಇರುವುದು ಅಮೆರಿಕದ ಓಕ್ಲಹೋಮಾ ರಾಜ್ಯದ ಪೂರ್ವ ಅಂಚಿನಲ್ಲಿ, ಆರ್ಕನ್ಸಾ ಗಡಿ ಹತ್ತಿರ. 1930ರ ದಶಕದಲ್ಲಿ ಧೂಳಿನ ಹಾವಳಿ ಜಾಸ್ತಿ ಇದ್ದಿದ್ದು ಅದೇ ರಾಜ್ಯದ ಪಶ್ಚಿಮಕ್ಕೆ ಬಾಲದ ಹಾಗೆ ಚಾಚಿದ ತುದಿಯಲ್ಲಿ, ಅದರ ಸುತ್ತಲಿನ ಟೆಕ್ಸಾಸ್, ಕಾನ್ಸಾಸ್, ಕೊಲರಾಡೊ ಸೀಮೆಯಲ್ಲಿ.

ಆ ಧೂಳಾದರೂ ಬರೀ ಬರಗಾಲದಿಂದ ಎದ್ದಿದ್ದಲ್ಲ. ಅಲ್ಲಿ ಬರ ಹಿಂದೆಯೂ ಬಂದಿತ್ತು, ಹುಲ್ಲಿನ ಬೇರು ಮಣ್ಣನ್ನು ಬಿಟ್ಟಿರಲಿಲ್ಲ. ‘ಉತ್ತ ಕಡೆ ಮಳೆ ತಾನಾಗಿ ಬರುತ್ತೆ’ ಅಂತ 19ನೇ ಶತಮಾನದಲ್ಲಿ ಓದಿದವರೇ ನಂಬಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಗೋಧಿ ಬೆಲೆ ಏರಿತು. ಟ್ರ್ಯಾಕ್ಟರ್ ಬಂತು. ಹುಲ್ಲುಗಾವಲು ಬುಡಮೇಲಾಯಿತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಗಾಳಿ ನುಣ್ಣನೆಯ ಧೂಳನ್ನು ಸೀದಾ ಎತ್ತಿಕೊಂಡು ಹೋಗುತ್ತೆ ಅಂದ್ಕೊಂಡಿದ್ದೀರಾ? ಅದು ಅಷ್ಟು ಸುಲಭವಲ್ಲ. ನುಣ್ಣನೆಯ ಕಣಗಳು ಡಬ್ಬಿ ತಳದ ಹಿಟ್ಟಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊದಲು ಏಳುವುದು ಅದಕ್ಕಿಂತ ದಪ್ಪ ಕಣ, ಸುಮಾರು 0.1ರಿಂದ 0.5 ಮಿಲಿಮೀಟರ್ ಗಾತ್ರದ್ದು. ಅದು ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಪುಟಿಯುತ್ತದೆ. ಗಾಳಿ ಅದನ್ನು ಮುಂದಕ್ಕೆ ತಳ್ಳುತ್ತದೆ. ವೇಗ ಪಡೆದು ನೆಲಕ್ಕೆ ಬಿದ್ದಾಗ, ಕೇರಂ ಸ್ಟ್ರೈಕರ್ ಕಾಯಿಗಳನ್ನು ಚದುರಿಸಿದ ಹಾಗೆ, ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಈ ಏಟಿಗೆ ನುಣ್ಣನೆಯ ಧೂಳೂ ಬಿಡಿಸಿಕೊಳ್ಳುತ್ತದೆ. ಒಮ್ಮೆ ಮೇಲೆದ್ದರೆ ಅದು ಸುಲಭಕ್ಕೆ ಇಳಿಯುವುದಿಲ್ಲ. 1934ರ ಮೇ ತಿಂಗಳಲ್ಲಿ ಈ ಧೂಳು ನ್ಯೂಯಾರ್ಕ್ ದಾಟಿ ಅಟ್ಲಾಂಟಿಕ್‌ನಲ್ಲಿದ್ದ ಹಡಗುಗಳ ಮೇಲೂ ಕೂತಿತು! ದಪ್ಪ ಕಣ ಹಾರುವುದು ಹೆಚ್ಚಾಗಿ ಒಂದಡಿಗಿಂತ ಕೆಳಗೇ. ಹುಲ್ಲೋ, ಕೊಯ್ದ ಪೈರಿನ ಕೂಳೆಯೋ ಇದ್ದಿದ್ದರೆ ಅಲ್ಲೇ ತಡೆಯುತ್ತಿತ್ತು. ಇದನ್ನು ಬಿಟ್ಟು ಕೆಲವರು ಮಳೆಗಾಗಿ ಸತ್ತ ಹಾವನ್ನು ಬೇಲಿಗೆ ಅಂಗಾತ ನೇತುಹಾಕುತ್ತಿದ್ದರಂತೆ. ಪಾಪ, ಹಾವೇನು ಮಾಡೀತು?

1935ರ ಏಪ್ರಿಲ್ 14ರಂದು, ಈಗಲೂ ‘ಕಪ್ಪು ಭಾನುವಾರ’ ಅನ್ನುವ ದಿನ, ಹಗಲೇ ಕತ್ತಲಾಯಿತು. ಎರಡು ವಾರದೊಳಗೆ ಅಮೆರಿಕದ ಸಂಸತ್ತು ಮಣ್ಣು ಉಳಿಸುವ ಕಾನೂನು ತಂದಿತು. ಅದಕ್ಕಾಗಿ ವರ್ಷಗಟ್ಟಲೆ ಕೂಗಾಡಿದ್ದವರು ಮಣ್ಣಿನ ವಿಜ್ಞಾನಿ ಹ್ಯೂ ಬೆನೆಟ್.

ಹಾಗಾದರೆ ಜೋಡ್‌ಗಳಂಥವರನ್ನು ಎಬ್ಬಿಸಿದ್ದು ಯಾವುದು? ಅವರದು ಹತ್ತಿಯ ಸೀಮೆ, ಗೇಣಿ ಬದುಕು. ಹತ್ತಿ ಬೆಲೆ ಕುಸಿದಿತ್ತು. 1933ರಿಂದ ಸರ್ಕಾರ ಹತ್ತಿ ಬೆಳೆಯುವ ನೆಲ ಕಡಿಮೆ ಮಾಡಲು ದುಡ್ಡು ಕೊಟ್ಟಿತು. ದುಡ್ಡು ಹೆಚ್ಚಾಗಿ ಸೇರಿದ್ದು ಜಮೀನುದಾರರ ಕೈಗೆ. ಅವರಲ್ಲಿ ಎಷ್ಟೋ ಮಂದಿ ಗೇಣಿದಾರರನ್ನು ಬಿಡಿಸಿದರು, ಟ್ರ್ಯಾಕ್ಟರ್ ಕೊಂಡರು. ಪಶ್ಚಿಮದಲ್ಲಿ ಹುಲ್ಲು ಕಿತ್ತ ಯಂತ್ರವೇ ಪೂರ್ವದಲ್ಲಿ ಒಕ್ಕಲುಗಳ ಮನೆಬಾಗಿಲಿಗೆ ಬಂದು ನಿಂತಿತ್ತು.