ನಡುಕ ಎರಡೇ ದಿನದಲ್ಲಿ ಏರಿದರೆ: ಪಾರ್ಕಿನ್ಸನ್ ಮತ್ತು ಉರಿಯೂತ

‘ಪಾರ್ಕಿನ್ಸನ್ನೂ ಒಂದು ಉರಿಯೂತವಂತೆ. ಹಾಗಿದ್ದರೆ ಮಂಡಿನೋವಿಗೆ ಕೊಡೋ ಮಾತ್ರೆಯನ್ನೇ ಇದಕ್ಕೂ ಕೊಡಬಹುದಲ್ಲ ಡಾಕ್ಟ್ರೇ?’ ಈಚೆಗೆ ಮನೆಯವರು ಈ ಪ್ರಶ್ನೆ ಇಟ್ಟುಕೊಂಡೇ ಬರುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮಂಡಿ ಊದಿದಾಗ ಕಾಣುವ ಕೆಂಪು, ಬಿಸಿ, ನೋವು ಯಾವುದೂ ಇಲ್ಲಿ ಕಾಣುವುದಿಲ್ಲ. ಇದು ಬೂದಿ ಮುಚ್ಚಿದ ಕೆಂಡ, ವರ್ಷಗಟ್ಟಲೆ ಒಳಗೇ ಸುಡುತ್ತಿರುತ್ತದೆ.

ಸುಡುವ ಜಾಗ ಬಹಳ ಚಿಕ್ಕದು. ನಡುಮಿದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ ಇದೆ, ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ. ಮರಣಾನಂತರ ಮಿದುಳನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಆರೋಗ್ಯವಂತರಲ್ಲಿ ಕಾಡಿಗೆ ಎಳೆದ ಹಾಗೆ ಕಾಣುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಅದೇ ಗೆರೆ ಮಾಸಿಹೋಗಿರುತ್ತದೆ. ಆ ಕಪ್ಪು, ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳೊಳಗಿನ ನ್ಯೂರೋಮೆಲನಿನ್‌ನದು. ಕೈನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಈ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಹೋಗಿರುತ್ತವೆ.

ಈ ಕೋಶಗಳ ಸುತ್ತ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ದಟ್ಟವಾಗಿವೆ. ಸಾಮಾನ್ಯ ದಿನಗಳಲ್ಲಿ ಅವು ಕೂದಲೆಳೆಯಂಥ ಕೈಗಳನ್ನು ಚಾಚಿ ಸುತ್ತಮುತ್ತ ತಡವುತ್ತಾ, ಕಸ ಹೆಕ್ಕುತ್ತಾ ಇರುತ್ತವೆ. ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಮುದ್ದೆಗಟ್ಟಿ ಎದುರಾದರೆ ಕೈಗಳನ್ನು ಒಳಗೆಳೆದುಕೊಂಡು ದಪ್ಪಗಾಗುತ್ತವೆ, ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್ 1 ಬೀಟಾದಂಥ ರಾಸಾಯನಿಕಗಳನ್ನು ಸುರಿಸುತ್ತವೆ. ಮೊದಲೇ ಸೊರಗಿದ ನರಕೋಶ ಆ ಏಟಿಗೆ ಸಾಯುತ್ತದೆ. ಅದರಿಂದ ಚೆಲ್ಲಿದ ನ್ಯೂರೋಮೆಲನಿನ್ ಪಕ್ಕದ ಮೈಕ್ರೋಗ್ಲಿಯಾವನ್ನೂ ಕೆರಳಿಸುತ್ತದೆ. ಮೊದಲ ಕಿಡಿ ಯಾವುದೇ ಇರಲಿ, ಬೆಂಕಿ ಆರದಿರಲು ಈ ಸುತ್ತು ಸಾಕು.

ಕೆರಳಿದ ಮೈಕ್ರೋಗ್ಲಿಯಾವನ್ನು ರೋಗಿಗಳ ಮಿದುಳಿನಲ್ಲಿ ಕೆನಡಾದ ಮೆಕ್‌ಗೀರ್ ತಂಡ 1988ರಲ್ಲೇ ತೋರಿಸಿತ್ತು. ಇನ್ನೂ ಬಲವಾದ ಸಾಕ್ಷಿ ಕ್ಯಾಲಿಫೋರ್ನಿಯಾದಿಂದ ಬಂತು. 1982ರಲ್ಲಿ ಅಲ್ಲಿ ಕೆಲವರು ಎಂಪಿಟಿಪಿ ಎಂಬ ವಿಷ ಬೆರೆತ ಮಾದಕವಸ್ತು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ವಿಷ ದೇಹ ಬಿಟ್ಟು ವರ್ಷಗಳಾದ ಮೇಲೆ ತೀರಿಕೊಂಡವರ ಮಿದುಳಿನಲ್ಲೂ ಮೈಕ್ರೋಗ್ಲಿಯಾ ಕೆರಳಿಯೇ ಇದ್ದವು. 2017ರಲ್ಲಿ, ಕೆಲವು ರೋಗಿಗಳ ರಕ್ತದಲ್ಲಿನ, ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು ಆಲ್ಫಾ ಸಿನ್ಯೂಕ್ಲಿನ್ ತುಣುಕನ್ನು ಶತ್ರುವೆಂದು ಗುರುತಿಸುತ್ತವೆ ಎಂಬುದೂ ಗೊತ್ತಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ವಯಸ್ಸಾದಂತೆ ಈ ಕಪ್ಪು ಪಟ್ಟಿಯ ಮೈಕ್ರೋಗ್ಲಿಯಾದ ರೂಪವೇ ಬದಲಾಗುವುದನ್ನು ಭಾರತೀಯರ ಮಿದುಳಿನಲ್ಲಿ ದಾಖಲಿಸಿದ್ದಾರೆ.

ಇಷ್ಟಿದ್ದರೂ ಮಾತ್ರೆಯಿಂದ ಬೆಂಕಿ ಆರಿಲ್ಲ. ನೋವಿನ ಮಾತ್ರೆ ಐಬುಪ್ರೊಫೆನ್ ನಿಯಮಿತವಾಗಿ ನುಂಗುವವರಲ್ಲಿ ಕಾಯಿಲೆ ಕಡಿಮೆ ಎಂದು ಕೆಲವು ಸಮೀಕ್ಷೆಗಳು ಹೇಳಿದವು, ನಿಜ. ಆದರೆ ಕಾಯಿಲೆ ಬಂದವರಲ್ಲಿ ಅದು ತಡೆಯುತ್ತದೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ. ಉರಿಯೂತ ತಗ್ಗಿಸುವ ಗುಣವಿರುವ ಮಿನೊಸೈಕ್ಲಿನ್, ಪಯೋಗ್ಲಿಟಾಜೋನ್ ಎರಡನ್ನೂ ರೋಗಿಗಳಲ್ಲಿ ಪರೀಕ್ಷಿಸಿದರು, ಫಲ ಸಿಗಲಿಲ್ಲ. ರೋಗ ಪತ್ತೆಯಾಗುವುದೇ ತಡ, ಅದು ಒಂದು ಕಾರಣವಿರಬೇಕು. ಕಸ ಹೆಕ್ಕುವುದೂ ಅದೇ ಮೈಕ್ರೋಗ್ಲಿಯಾದ ಕೆಲಸವಾದ್ದರಿಂದ ಸಾರಾಸಗಟಾಗಿ ಬಾಯಿ ಮುಚ್ಚಿಸಿದರೂ ನಷ್ಟವೇ. ಎಪ್ಪತ್ತರ ವಯಸ್ಸಿನವರು ದಿನಾ ಐಬುಪ್ರೊಫೆನ್ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಬರಬಹುದು. ದಯವಿಟ್ಟು ಆ ದಾರಿ ಬೇಡ.

ನಮ್ಮ ಕೈಯಲ್ಲಿರುವುದು ಮಿದುಳಿನ ಹೊರಗಿನ ಉರಿ. ಮೊದಲೇ ಕೆರಳಿ ಕುಳಿತ ಮೈಕ್ರೋಗ್ಲಿಯಾ, ದೇಹದಲ್ಲಿ ಎಲ್ಲೇ ಸೋಂಕಾದರೂ ರಕ್ತದಲ್ಲಿ ಬರುವ ಸಂಕೇತಕ್ಕೆ ಅತಿಯಾಗಿ ಸ್ಪಂದಿಸುತ್ತವೆ. ಪಾರ್ಕಿನ್ಸನ್ ಹೆಚ್ಚಾಗುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ. ಮೊನ್ನೆ ತಾವೇ ನಡೆದು ಸ್ನಾನಕ್ಕೆ ಹೋಗುತ್ತಿದ್ದವರು ಇಂದು ಮಂಚದಿಂದ ಏಳಲಾಗದಿದ್ದರೆ, ರಾತ್ರಿ ಗೋಡೆಯ ಮೇಲೆ ಯಾರೋ ಇದ್ದಾರೆ ಎನ್ನುತ್ತಿದ್ದರೆ, ‘ಕಾಯಿಲೆ ಮುಂದುವರಿದಿದೆ’ ಎಂದು ಲೆವೊಡೋಪಾ (ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ, ಪಾರ್ಕಿನ್ಸನ್‌ನ ಮುಖ್ಯ ಮಾತ್ರೆ) ಏರಿಸಬೇಡಿ. ಸೋಂಕು ಹುಡುಕಿ.

ಮೊದಲು ಮೂತ್ರ. ವಯಸ್ಸಾದವರಿಗೆ ಜ್ವರ, ಉರಿ ಎರಡೂ ಇಲ್ಲದಿರಬಹುದು. ಮೊದಲ ಆಂಟಿಬಯಾಟಿಕ್ ಮಾತ್ರೆಗೆ ಮುಂಚೆಯೇ, ಆರಂಭದ ಮೂತ್ರ ಬಿಟ್ಟು ನಡುಧಾರೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಕೊಡಿ. ಒಂದು ಎಚ್ಚರಿಕೆ: ವೃದ್ಧರ ಮೂತ್ರದಲ್ಲಿ ತೊಂದರೆಯಿಲ್ಲದೆಯೂ ಬ್ಯಾಕ್ಟೀರಿಯಾ ಇರುವುದುಂಟು. ವರದಿಯಲ್ಲಿ ಕಂಡಿತೆಂದು ಅಷ್ಟಕ್ಕೇ ನಿಲ್ಲದೆ ಎದೆಯನ್ನೂ ನೋಡಬೇಕು. ಊಟದ ನಡುವೆ ಕೆಮ್ಮುವವರಲ್ಲಿ ಅನ್ನದಗುಳು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಿರಬಹುದು. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು, ಬಾಯಲ್ಲಿ ಕೀವಾದ ಹಲ್ಲು ಇದೆಯೇ ನೋಡಿ.

ಆಮೇಲೆ ಮಲಬದ್ಧತೆ. ಲೆವೊಡೋಪಾ ರಕ್ತಕ್ಕೆ ಸೇರುವುದು ಸಣ್ಣಕರುಳಿನಲ್ಲಿ. ಹೊಟ್ಟೆಯೇ ಮುಂದೆ ಸಾಗದಿದ್ದರೆ ಮಾತ್ರೆ ಜಠರದಲ್ಲೇ ಕೂತು ಹಾಳಾಗುತ್ತದೆ, ಮನೆಯವರು ‘ಡೋಸ್ ಸಾಲುತ್ತಿಲ್ಲ’ ಎನ್ನುತ್ತಾರೆ. ಹೃದಯ, ಮೂತ್ರಪಿಂಡದ ಕಾರಣಕ್ಕೆ ನೀರಿಗೆ ಮಿತಿ ಇಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಸಿ. ಇಸಬ್‌ಗೋಲ್ ಕೊಡುವುದಾದರೆ ಲೋಟ ತುಂಬ ನೀರಿನ ಜೊತೆಗೆ ಮಾತ್ರ. ನುಂಗಲು ಕಷ್ಟಪಡುವವರಿಗೆ ಅದು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಅವರಿಗೆ ಬೇಡ.

ಸೋಂಕಿಗೆ ಆಸ್ಪತ್ರೆ ಸೇರಿದಾಗ ಆಗುವ ಎಡವಟ್ಟುಗಳು ನಿಜಕ್ಕೂ ನೋವು ತರುತ್ತವೆ, ಏಕೆಂದರೆ ಎಲ್ಲವನ್ನೂ ತಪ್ಪಿಸಬಹುದು. ಲೆವೊಡೋಪಾ ಹೊತ್ತನ್ನು ಚೀಟಿಯಲ್ಲಿ ಬರೆದು ನರ್ಸ್ ಕೈಗೆ ಕೊಡಿ. 7 ಗಂಟೆಯ ಮಾತ್ರೆ 7ಕ್ಕೇ ಬೇಕು. ಅದನ್ನು ಒಮ್ಮೆಲೇ ನಿಲ್ಲಿಸಿದರೆ ತೀವ್ರ ಜ್ವರ, ಬಿಗಿತ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೂಗಿನ ನಳಿಕೆಯಲ್ಲಿ ಸಾಮಾನ್ಯ ಮಾತ್ರೆಯನ್ನು ಪುಡಿ ಮಾಡಿ ಕೊಡಬಹುದು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬಾರದು. ವಾಂತಿಗೆ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಪ್ರೋಕ್ಲೋರ್‌ಪೆರಜಿನ್, ಗಲಾಟೆ ಮಾಡುತ್ತಾರೆಂದು ಹ್ಯಾಲೊಪೆರಿಡಾಲ್, ಮೂರೂ ಡೋಪಮಿನ್‌ಗೆ ಅಡ್ಡ ನಿಂತು ಬಿಗಿತ ಹೆಚ್ಚಿಸುತ್ತವೆ. ಪಾರ್ಕಿನ್ಸನ್‌ಗೇ ಕೊಡುವ ಇನ್ನೊಂದು ಮಾತ್ರೆ ರಸಾಜಿಲಿನ್ ತೆಗೆದುಕೊಳ್ಳುವವರಿಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಬರೆದರೆ ರಕ್ತದಲ್ಲಿ ರಸಾಜಿಲಿನ್ ಪ್ರಮಾಣ ಏರುತ್ತದೆ. ಜೊತೆಗೇ ಕೊಡಬೇಕಾದರೆ ರಸಾಜಿಲಿನ್ ದಿನಕ್ಕೆ 0.5 ಮಿಲಿಗ್ರಾಂ ಮೀರಬಾರದು.

ಸೋಂಕು ಇಳಿದ ಮರುದಿನವೇ ಹಳೆಯ ನಡಿಗೆ ಮರಳುವುದಿಲ್ಲ, ಕೆಲವು ವಾರ ಬೇಕಾಗಬಹುದು. ಆ ವಾರಗಳಲ್ಲಿ ಫಿಸಿಯೋಥೆರಪಿ ನಿಲ್ಲಬಾರದು. ಕಷ್ಟದ ದಿನಗಳಲ್ಲಿ ಲೆವೊಡೋಪಾ ಏರಿಸಿದ್ದರೆ, ಚೇತರಿಸಿಕೊಂಡ ಮೇಲೆ ವೈದ್ಯರನ್ನು ಕೇಳಿ ಹಳೆಯ ಪ್ರಮಾಣಕ್ಕೆ ಇಳಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಕೈಕಾಲು ತಾವಾಗಿಯೇ ಹೊಯ್ದಾಡುತ್ತವೆ ಎಂದು ಮತ್ತೆ ಬರಬೇಕಾಗುತ್ತದೆ.